ಹೇಲೋದ ಹಳೆಯ ಆಟ, ಹೊಸ ಆಟ: ಪದೇ ಪದೇ ಕೇಳುವ ಪ್ರಶ್ನೆಗಳು

ಹೇಲೋ ಎಂಬ ಶೂಟಿಂಗ್ ವಿಡಿಯೊ ಗೇಮ್ ಆಡುವ ನಾಲ್ಕು ಜನ ಒಂದು ಕಡೆ ಸೇರಿದರೆ ಈ ಚರ್ಚೆ ಏಳದೆ ಇರುವುದಿಲ್ಲ. ಸ್ಪ್ರಿಂಟ್ (ಗುಂಡಿ ಒತ್ತಿ ಜೋರಾಗಿ ಓಡುವುದು) ಇರಬೇಕೋ ಬೇಡವೋ, ಹಳೆಯ ಮೋಡ್‌ಗಳಿಗೆ, ಅಂದರೆ ಆಟದ ಬಗೆಗಳಿಗೆ, ಜಾಗ ಎಷ್ಟು, ಹೊಸಬರು ಬರಬೇಕಾದರೆ ಏನು ಬದಲಾಗಬೇಕು. ಇಪ್ಪತ್ತು ವರ್ಷಗಳಿಂದ ಈ ಸರಣಿಯ ಮಲ್ಟಿಪ್ಲೇಯರ್ (ಆಟಗಾರರು ಪರಸ್ಪರ ಎದುರಾಗುವ ಭಾಗ) ಆಡುತ್ತಾ ಬಂದಿದ್ದೇನೆ. ಸ್ನೇಹಿತರು, ತಮ್ಮಂದಿರ ವಯಸ್ಸಿನ ಹುಡುಗರು ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿಗೆ ನಾನು ಕೊಡುವ ಉತ್ತರಗಳು ಇವು. ಅಭಿಪ್ರಾಯ ಇರುವ ಕಡೆ ಅದು ನನ್ನದೇ.

‘ಕ್ಲಾಸಿಕ್ ಹೇಲೋ’ ಅಂದರೆ ಯಾವುದು?

2001ರ ನವೆಂಬರ್ 15ರಂದು ಮೊದಲ ಎಕ್ಸ್‌ಬಾಕ್ಸ್ ಜೊತೆಗೇ ಬಂದ ಹೇಲೋ: ಕಾಂಬ್ಯಾಟ್ ಇವಾಲ್ವ್ಡ್, 2004ರ ಹೇಲೋ 2, 2007ರ ಹೇಲೋ 3. ಮೂರನ್ನೂ ಮಾಡಿದ್ದು ಬಂಜಿ ಸ್ಟುಡಿಯೊ. ಈ ಮೂರರಲ್ಲೂ ಪಂದ್ಯ ಶುರುವಾದಾಗ ಎಲ್ಲರ ಕೈಯಲ್ಲೂ ಒಂದೇ ಆಯುಧ ಇರುತ್ತದೆ. ನಡೆಯುವ ವೇಗ ಒಂದೇ, ನೆಗೆಯುವ ಎತ್ತರ ಒಂದೇ. ರಾಕೆಟ್ ಲಾಂಚರ್, ಸ್ನೈಪರ್, ಹೆಚ್ಚುವರಿ ರಕ್ಷಣೆ ಕೊಡುವ ಓವರ್‌ಶೀಲ್ಡ್ ಇವೆಲ್ಲ ಮ್ಯಾಪಿನಲ್ಲಿ (ಪಂದ್ಯ ನಡೆಯುವ ಕಣದಲ್ಲಿ) ಗೊತ್ತಾದ ಜಾಗಕ್ಕೆ, ಗೊತ್ತಾದ ಹೊತ್ತಿಗೆ ಬಂದು ಕೂರುತ್ತವೆ. ಅಲ್ಲಿಗೆ ಯಾರು ಮೊದಲು ತಲುಪುತ್ತಾರೆ, ತಲುಪಿದ ಮೇಲೆ ಆ ಜಾಗವನ್ನು ಯಾರು ಬಿಟ್ಟುಕೊಡುವುದಿಲ್ಲ ಎನ್ನುವುದರ ಮೇಲೆ ಪಂದ್ಯ ನಿಂತಿರುತ್ತದೆ. ಗುಂಡು, ಗ್ರೆನೇಡ್, ಕೈಹೊಡೆತ ಮೂರೂ ಯಾವ ಕ್ಷಣದಲ್ಲಾದರೂ ಒಂದು ಗುಂಡಿ ಒತ್ತುವಷ್ಟು ಹತ್ತಿರ. ಇದನ್ನು ಆಡುವವರು ‘ಚಿನ್ನದ ತ್ರಿಕೋನ’ ಎನ್ನುತ್ತಾರೆ.

ಹೆಚ್ಚು ಎದುರಾಳಿಗಳನ್ನು ಕೊಂದವರು ಗೆಲ್ಲುವ ಸ್ಲೇಯರ್, ಎದುರಾಳಿಯ ಬಾವುಟ ಕದ್ದು ತರುವ ಕ್ಯಾಪ್ಚರ್ ದಿ ಫ್ಲ್ಯಾಗ್, ಒಂದು ಚೆಂಡನ್ನು ಹಿಡಿದಿಟ್ಟುಕೊಳ್ಳುವ ಆಡ್‌ಬಾಲ್, ಒಂದು ಜಾಗವನ್ನು ಕಾಯ್ದುಕೊಳ್ಳುವ ಕಿಂಗ್ ಆಫ್ ದಿ ಹಿಲ್ ಎಂಬ ಮೋಡ್‌ಗಳು ಮೊದಲ ಭಾಗದಿಂದಲೂ ಇವೆ. ಆದರೆ ಮೋಡ್‌ನ ಹೆಸರು ಹಳೆಯದಾದ ಮಾತ್ರಕ್ಕೆ ಆಟ ಕ್ಲಾಸಿಕ್ ಆಗುವುದಿಲ್ಲ. ಅದಕ್ಕೆ ಹೇಲೋ 4ರ ಬಾವುಟದ ಕಥೆ ಸಾಕ್ಷಿ; ಮುಂದೆ ಹೇಳುತ್ತೇನೆ.

ಇದೆಲ್ಲ ಬಾಲ್ಯದ ನೆನಪಿನ ಮೋಹ ಅಷ್ಟೇ ಅಲ್ಲವೇ?

ಮೋಹ ಇದೆ, ಇಲ್ಲ ಅನ್ನುವುದಿಲ್ಲ. ನಾನು ಹೇಲೋ ಮೊದಲು ನೋಡಿದ್ದು ಹಾಸ್ಟೆಲ್‌ನಲ್ಲಿ. ಎಕ್ಸ್‌ಬಾಕ್ಸ್ ನಮ್ಮ ಯಾರ ಮನೆಯಲ್ಲೂ ಇರಲಿಲ್ಲ. 2003ರಲ್ಲಿ ಪಿಸಿಗೆ ಬಂದ ಮೊದಲ ಹೇಲೋದ ಟ್ರಯಲ್ ಆವೃತ್ತಿಯನ್ನು ಯಾರೋ ಸಿಡಿಯಲ್ಲಿ ತಂದಿದ್ದರು. ಅದರಲ್ಲಿ ಮಲ್ಟಿಪ್ಲೇಯರಿಗೆ ಇದ್ದದ್ದು ಒಂದೇ ಮ್ಯಾಪ್, ಬ್ಲಡ್ ಗಲ್ಚ್. ಕಾರಿಡಾರಿನ ಉದ್ದಕ್ಕೂ ಲ್ಯಾನ್ ವೈರ್ ಎಳೆದು, ಆ ಒಂದೇ ಕಣಿವೆಯಲ್ಲಿ ಎರಡು ಸೆಮಿಸ್ಟರ್ ಕಳೆದೆವು. ಬೇಸರ ಬರಲಿಲ್ಲ. ಯಾಕೆ ಬರಲಿಲ್ಲ ಎಂಬುದೇ ಈ ಪ್ರಶ್ನೆಗೆ ಉತ್ತರ. ಅನ್‌ಲಾಕ್ ಮಾಡಲು ಏನೂ ಇರಲಿಲ್ಲ, ಕಲಿಯಲು ಬೇಕಾದಷ್ಟಿತ್ತು. ಸೋತರೆ ಯಾಕೆ ಸೋತೆ ಎಂದು ಗೊತ್ತಾಗುತ್ತಿತ್ತು. ಆ ಗುಣವನ್ನು ಹೆಸರಿಟ್ಟು ಹೇಳಬಹುದು, ಹೊಸ ಆಟದಲ್ಲೂ ತರಬಹುದು.

ಇನ್ನೊಂದು ಮಾತು. ಬಂಜಿಯವರ ಹೇಲೋ ಕೂಡ ನಿಂತ ನೀರಾಗಿರಲಿಲ್ಲ. ಹೇಲೋ 2 ಎರಡೂ ಕೈಯಲ್ಲಿ ಬಂದೂಕು ಕೊಟ್ಟಿತು, ಎದುರಾಳಿಯ ವಾಹನ ಕಸಿದುಕೊಳ್ಳಲು ಬಿಟ್ಟಿತು. ಹೇಲೋ 3 ಗುಂಡು ತಡೆಯುವ ಗುಮ್ಮಟದಂಥ ಬಬಲ್ ಶೀಲ್ಡ್ ಮೊದಲಾದ ಎಕ್ವಿಪ್‌ಮೆಂಟ್ ತಂದಿತು. ಬದಲಾವಣೆ ಅನ್ನುವುದೇ ಬೇಡ ಎಂದು ಹಳಬರು ಯಾವತ್ತೂ ಹೇಳಲಿಲ್ಲ. ಬಬಲ್ ಶೀಲ್ಡ್ ಕೂಡ ಮ್ಯಾಪಿನ ಮೇಲೆ ಬಿದ್ದಿರುತ್ತಿತ್ತು, ಓಡಿಹೋಗಿ ಎತ್ತಿಕೊಳ್ಳಬೇಕಿತ್ತು. ಹಾಗಾಗಿ ಯಾರಿಗೂ ಅನ್ಯಾಯ ಅನ್ನಿಸಲಿಲ್ಲ.

ಹಾಗಾದರೆ ಜಗಳ ಶುರುವಾದದ್ದು ಎಲ್ಲಿಂದ?

2010ರ ಹೇಲೋ: ರೀಚ್‌ನಿಂದ. ಅದೂ ಬಂಜಿಯದ್ದೇ. ಪಂದ್ಯಕ್ಕೆ ಇಳಿಯುವ ಮೊದಲೇ ಒಂದು ಆರ್ಮರ್ ಎಬಿಲಿಟಿ ಆರಿಸಿಕೊಳ್ಳಬೇಕಿತ್ತು: ಒಬ್ಬ ಓಡಬಲ್ಲ, ಇನ್ನೊಬ್ಬ ಜೆಟ್‌ಪ್ಯಾಕ್‌ನಲ್ಲಿ ಹಾರಬಲ್ಲ, ಮತ್ತೊಬ್ಬ ಆರ್ಮರ್ ಲಾಕ್ ಒತ್ತಿ ಕಲ್ಲಿನಂತೆ ಕೂತುಬಿಟ್ಟರೆ ಗುಂಡು ತಾಗದು. ಎದುರಿಗಿರುವವನ ಕೈಯಲ್ಲಿ ಏನಿದೆ ಎಂದು ಜಗಳಕ್ಕೆ ಇಳಿಯುವ ತನಕ ಗೊತ್ತಿಲ್ಲ. ಇದರ ಮೇಲೆ ಬ್ಲೂಮ್ ಬೇರೆ. ಬೇಗ ಬೇಗ ಗುಂಡು ಹಾರಿಸಿದಷ್ಟೂ ಗುರಿಯ ವೃತ್ತ ಹಿಗ್ಗುತ್ತಾ ಹೋಗುತ್ತದೆ. ಒಂದೊಂದೇ ಗುಂಡು ಲೆಕ್ಕ ಹಾಕಿ ಹೊಡೆಯುವವನು, ಅದೃಷ್ಟ ನಂಬಿ ಗುಂಡಿ ಕುಟ್ಟುವವನ ಎದುರು ಸೋಲುವುದು ಆಗಾಗ ನಡೆಯುತ್ತಿತ್ತು. 2011ರ ಅಪ್‌ಡೇಟ್‌ನಲ್ಲಿ ಬ್ಲೂಮ್ ಕಡಿಮೆಯಾಯಿತು, ಆರ್ಮರ್ ಲಾಕ್ ದುರ್ಬಲವಾಯಿತು. ಮೊದಲ ಭಾಗದ ಹತ್ತನೇ ವರ್ಷಕ್ಕೆಂದು ಹಳೆಯ ರೀತಿಯ ಪ್ಲೇಲಿಸ್ಟೂ (ಮೆನುವಿನಲ್ಲಿ ಆರಿಸಿ ಸೇರಬಹುದಾದ ಒಂದು ಬಗೆಯ ಪಂದ್ಯಗಳ ಗುಂಪು) ಬಂತು. ‘ಕ್ಲಾಸಿಕ್’ ಅನ್ನುವುದು ಮುಖ್ಯ ಆಟದಿಂದ ಬೇರೆಯಾದ ಒಂದು ಕೋಣೆಯಾಗಿದ್ದು ಅಲ್ಲಿಂದ.

ಓಡಲು ಒತ್ತುವ ಒಂದು ಗುಂಡಿಗೆ ಯಾಕಿಷ್ಟು ಗಲಾಟೆ?

ಹೊರಗಿನಿಂದ ನೋಡುವವರಿಗೆ ಇದು ಅತಿರೇಕ ಅನ್ನಿಸುತ್ತದೆ. ಸೈನಿಕ ಓಡಬಾರದೇ? ಎಲ್ಲ ಶೂಟರ್‌ಗಳಲ್ಲೂ ಓಡುತ್ತಾರಲ್ಲ? ಆದರೆ ಸ್ಪ್ರಿಂಟ್ ಒಂದನ್ನು ಸೇರಿಸಿದರೆ ಮೂರು ಕಡೆ ಅದರ ಬಿಸಿ ತಟ್ಟುತ್ತದೆ.

ಮೊದಲನೆಯದು ಜಗಳ ಮುಗಿಯುವ ರೀತಿ. ಹೇಲೋದಲ್ಲಿ ಒಬ್ಬನನ್ನು ಕೊಲ್ಲಲು ಹಲವು ಗುಂಡು ಬೇಕು, ಮೊದಲು ಅವನ ಮೈಗಾವಲಾದ ಶೀಲ್ಡ್ ಒಡೆಯಬೇಕು. ಶೀಲ್ಡ್ ಒಡೆಸಿಕೊಂಡವನು ಬೆನ್ನು ತಿರುಗಿಸಿ ಓಡಿ ಮೂಲೆ ತಿರುಗಿದರೆ, ಕೆಲವೇ ಕ್ಷಣದಲ್ಲಿ ಶೀಲ್ಡ್ ತುಂಬಿಕೊಂಡು ವಾಪಸ್ ಬರುತ್ತಾನೆ. ಸರಿಯಾಗಿ ಗುರಿಯಿಟ್ಟು ಗೆದ್ದ ಜಗಳ ಗೆಲ್ಲದೆ ಉಳಿಯುತ್ತದೆ. ಬಹಳ ಬೇಗ ಸಾಯುವ ಕಾಲ್ ಆಫ್ ಡ್ಯೂಟಿಯಲ್ಲಿ ಈ ತೊಂದರೆ ಅಷ್ಟಿಲ್ಲ, ಅಲ್ಲಿ ಓಡಲು ಸಮಯವೇ ಸಿಗುವುದಿಲ್ಲ. ಆದ್ದರಿಂದ ‘ಅಲ್ಲಿ ಇದೆ, ಇಲ್ಲಿ ಯಾಕೆ ಬೇಡ’ ಎಂಬ ಹೋಲಿಕೆ ನಿಲ್ಲುವುದಿಲ್ಲ.

ಎರಡನೆಯದು ಮ್ಯಾಪ್. ಎಲ್ಲರೂ ಓಡುವುದಾದರೆ ಎರಡು ಬೇಸುಗಳ ನಡುವಿನ ದೂರ ಸಾಲದು, ಮ್ಯಾಪನ್ನು ಹಿಗ್ಗಿಸಬೇಕು. ಹಿಗ್ಗಿಸಿದ ಮೇಲೆ ಓಡದೆ ಇರುವವನಿಗೆ ಅದು ತೀರಾ ದೊಡ್ಡದು, ಓಡಲೇಬೇಕು. ಓಡುವಾಗ ಬಂದೂಕು ಕೆಳಗಿರುತ್ತದೆ. ಹೀಗೆ ನಡೆಯುತ್ತಲೇ ಹೊಡೆಯಬಲ್ಲವನಾಗಿದ್ದ ಆಟಗಾರ ಓಡು, ನಿಲ್ಲು, ಹೊಡೆ ಎಂಬ ಲಯಕ್ಕೆ ಬೀಳುತ್ತಾನೆ. ಹೇಲೋ 2ರ ಮಿಡ್‌ಶಿಪ್ ಮ್ಯಾಪನ್ನು ಹೇಲೋ 5 ‘ಟ್ರೂತ್’ ಎಂಬ ಹೆಸರಿನಲ್ಲಿ ಮತ್ತೆ ಕಟ್ಟಿತು. ಎರಡನ್ನೂ ಒಂದರ ಪಕ್ಕ ಒಂದು ಆಡಿ ನೋಡಿ. ಆಕಾರ ಅದೇ, ಉಸಿರು ಬೇರೆ.

ಮೂರನೆಯದು ಎದುರಾಳಿ ಎಲ್ಲಿದ್ದಾನೆ ಎಂಬ ಅಂದಾಜು. ಎಲ್ಲರ ವೇಗ ಒಂದೇ ಆಗಿದ್ದಾಗ ‘ಅವನನ್ನು ಕೆಂಪು ಬೇಸಿನ ಹತ್ತಿರ ನೋಡಿ ಐದು ಸೆಕೆಂಡ್ ಆಯಿತು, ಈಗ ಸೇತುವೆಯ ಕೆಳಗಿರಬೇಕು’ ಎಂದು ಲೆಕ್ಕ ಹಾಕಬಹುದಿತ್ತು. ಆ ಲೆಕ್ಕವೇ ಹೇಲೋದ ಅರ್ಧ ಆನಂದ.

ಇಷ್ಟು ಹೇಳಿದ ಮೇಲೂ, ಸ್ಪ್ರಿಂಟ್ ಇದ್ದರೆ ಆಟವೇ ಹಾಳು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹೇಲೋ 5ರಲ್ಲಿ ಓಡುತ್ತಿರುವಾಗ ಶೀಲ್ಡ್ ತುಂಬುವುದಿಲ್ಲ. ಮೊದಲ ತೊಂದರೆಗೆ ಅದು ಒಳ್ಳೆಯ ಮದ್ದು. 2021ರ ಹೇಲೋ ಇನ್ಫಿನಿಟ್‌ನಲ್ಲಿ ನಡಿಗೆಗೂ ಓಟಕ್ಕೂ ಇರುವ ವ್ಯತ್ಯಾಸವನ್ನೇ ಬಹಳ ಕಡಿಮೆ ಮಾಡಿದರು. ಓಡಿದರೂ ತಪ್ಪಿಸಿಕೊಳ್ಳುವುದು ಕಷ್ಟ. ಹೊಸಬನ ಹೆಬ್ಬೆರಳು ಹುಡುಕುವ ಗುಂಡಿಯೂ ಇದೆ, ಜಗಳವೂ ಕೆಡುವುದಿಲ್ಲ. ಇಬ್ಬರಿಗೂ ಸಲ್ಲುವ ಇಂಥ ತಿದ್ದುಪಡಿಗೆ ನನ್ನ ಮತ.

ಹೇಲೋ 4ರ ಮೇಲೆ ಅಷ್ಟೊಂದು ಸಿಟ್ಟು ಏಕೆ?

2012ರಲ್ಲಿ, ಬಂಜಿಯ ನಂತರ ಸರಣಿಯನ್ನು ವಹಿಸಿಕೊಂಡ 343 ಇಂಡಸ್ಟ್ರೀಸ್ ಸ್ಟುಡಿಯೊ ಮಾಡಿದ ಮೊದಲ ಮುಖ್ಯ ಭಾಗ ಅದು. ಎಲ್ಲರಿಗೂ ಸ್ಪ್ರಿಂಟ್ ಬಂತು. ಆಯುಧ, ಗ್ರೆನೇಡ್, ಪರ್ಕ್‌ಗಳನ್ನು (ಆಟಗಾರನಿಗೆ ಸಿಗುವ ವಿಶೇಷ ಅನುಕೂಲಗಳನ್ನು) ಸೇರಿಸಿ ನಮ್ಮದೇ ಲೋಡೌಟ್ ಕಟ್ಟಿಕೊಳ್ಳುವುದು ಬಂತು. ಎಲ್ಲಕ್ಕಿಂತ ದೊಡ್ಡ ಬದಲಾವಣೆ ಆರ್ಡ್‌ನೆನ್ಸ್: ಅಂಕ ಗಳಿಸಿ ಮೀಟರ್ ತುಂಬಿಸಿದರೆ ಮೂರು ವಸ್ತುಗಳಲ್ಲಿ ಒಂದನ್ನು ಆರಿಸಿ ಆಕಾಶದಿಂದ ಕೆಡವಿಸಿಕೊಳ್ಳಬಹುದು. ಒಬ್ಬನಿಗೆ ರಾಕೆಟ್ ಬಂತು, ಇನ್ನೊಬ್ಬನಿಗೆ ಅಷ್ಟೇ ಶ್ರಮಕ್ಕೆ ಗ್ರೆನೇಡ್ ಬಂತು. ಮ್ಯಾಪಿನ ನಡುವೆ ಹೊಡೆದಾಡಲು ಕಾರಣವೇ ಉಳಿಯಲಿಲ್ಲ. ರಾಕೆಟ್ ಇರುವ ಜಾಗವೇ ಗೊತ್ತಿಲ್ಲದಿದ್ದರೆ ಯಾವ ಜಾಗ ಕಾಯಬೇಕು?

ಬಾವುಟದ ಕಥೆ ಇಲ್ಲಿಯದು. ಬಿಡುಗಡೆಯಾದಾಗ ಹೇಲೋ 4ರಲ್ಲಿ ಬಾವುಟ ಎತ್ತಿಕೊಂಡವನು ಅದನ್ನು ಕೆಳಗೆ ಹಾಕುವಂತಿರಲಿಲ್ಲ. ಕೈಗೆ ಒಂದು ಪಿಸ್ತೂಲು ಕೊಟ್ಟು ಹೋಗು ಅಂದರು. ಹಳೆಯ ಭಾಗಗಳಲ್ಲಿ ಬಾವುಟ ಕೆಳಗೆ ಬಿಟ್ಟು, ಎದುರಾಳಿಯನ್ನು ಹೊಡೆದು, ಮತ್ತೆ ಎತ್ತಿಕೊಂಡು ಹೋಗಬಹುದಿತ್ತು. ಕಟ್ಟೆಯ ಮೇಲಿನಿಂದ ಕೆಳಗೆ ನಿಂತ ಗೆಳೆಯನಿಗೆ ಬೀಳಿಸಬಹುದಿತ್ತು. ಆ ಒಂದು ನಿರ್ಧಾರದಿಂದ ಕ್ಯಾಪ್ಚರ್ ದಿ ಫ್ಲ್ಯಾಗ್ ಎಂಬ ಹೆಸರು ಉಳಿಯಿತು, ಅದರೊಳಗಿನ ಕೌಶಲ ಹೋಯಿತು. ಮುಂದೆ ಅಪ್‌ಡೇಟ್‌ನಲ್ಲಿ ಬಾವುಟ ಬಿಡುವ ಅವಕಾಶ ಬಂತು, 2013ರ ಜೂನ್‌ನಲ್ಲಿ ಆಯುಧಗಳನ್ನೂ ಚುರುಕುಗೊಳಿಸಿದರು. ಅಷ್ಟರಲ್ಲಿ ಬಹಳ ಜನ ಬೇರೆ ಆಟಕ್ಕೆ ಹೋಗಿಯಾಗಿತ್ತು.

ಈ ಭಾಗವನ್ನು ಪ್ರೀತಿಸುವವರೂ ಇದ್ದಾರೆ, ಅದರ ಕಥೆಗಾಗಿ ನಾನೂ ಅವರಲ್ಲಿ ಒಬ್ಬ.

ಹೇಲೋ 5 ಎರಡನ್ನೂ ಬೇರ್ಪಡಿಸಿ ಸಮಸ್ಯೆ ಬಗೆಹರಿಸಿತಲ್ಲವೇ?

ಅರ್ಧ ಬಗೆಹರಿಸಿತು. 2015ರ ಈ ಭಾಗದಲ್ಲಿ ಅರೀನಾ ಎಂದರೆ ನಾಲ್ವರ ಎದುರು ನಾಲ್ವರು, ಸಮಾನ ಆರಂಭ, ಲೋಡೌಟ್ ಇಲ್ಲ, ಪವರ್ ವೆಪನ್ (ರಾಕೆಟ್ ಲಾಂಚರ್‌ನಂಥ ಬಲವಾದ ಆಯುಧ) ಬರುವ ಹೊತ್ತನ್ನು ಆಟವೇ ಕೂಗಿ ಹೇಳುತ್ತದೆ. ವಾರ್‌ಜೋನ್ ಎಂದರೆ ಹನ್ನೆರಡರ ಎದುರು ಹನ್ನೆರಡು ಜನ, ಕಂಪ್ಯೂಟರ್ ಆಡಿಸುವ ಶತ್ರುಗಳು, ರೆಕ್ ಪ್ಯಾಕ್‌ನಲ್ಲಿ ಸಿಕ್ಕ ಕಾರ್ಡು ಬಳಸಿ ಟ್ಯಾಂಕು ಕರೆಸುವುದು. ಪ್ಯಾಕ್‌ಗಳನ್ನು ಆಟದ ಅಂಕದಿಂದಲೂ ಕೊಳ್ಳಬಹುದು, ನಿಜವಾದ ದುಡ್ಡಿನಿಂದಲೂ ಕೊಳ್ಳಬಹುದು. ಇಂಥ ಕಾರ್ಡುಗಳನ್ನು ಅರೀನಾದ ಒಳಗೆ ಬಿಡದೆ ವಾರ್‌ಜೋನ್‌ನಲ್ಲೇ ಕಟ್ಟಿಹಾಕಿದ್ದು ಸರಿಯಾದ ಕೆಲಸ. ಸ್ಪರ್ಧೆಯ ಆಟವಾಗಿ ಹೇಲೋ 5 ಗಟ್ಟಿಯಾಗಿತ್ತು. 2016ರ ವಿಶ್ವ ಚಾಂಪಿಯನ್‌ಷಿಪ್‌ನ ಬಹುಮಾನದ ಮೊತ್ತ 25 ಲಕ್ಷ ಡಾಲರ್.

ಆದರೆ ಈ ಎರಡು ತುದಿಗಳ ನಡುವೆ ಇದ್ದ ಆಟಗಾರ ಬೀದಿಗೆ ಬಿದ್ದ. ದೊಡ್ಡ ತಂಡಗಳ ಬಿಗ್ ಟೀಮ್ ಬ್ಯಾಟಲ್ ಬಿಡುಗಡೆಯ ದಿನ ಇರಲಿಲ್ಲ, ಸೋಂಕು ಹರಡುವ ಆಟವಾದ ಇನ್ಫೆಕ್ಷನ್ ಇರಲಿಲ್ಲ, ಒಂದೇ ಟೀವಿಯಲ್ಲಿ ಇಬ್ಬರು ಕೂತು ಆಡುವ ಸ್ಪ್ಲಿಟ್ ಸ್ಕ್ರೀನ್ ಕೊನೆಯ ತನಕ ಬರಲೇ ಇಲ್ಲ. ಅಣ್ಣ ತಮ್ಮ, ಅಕ್ಕ ತಂಗಿ ಜೊತೆಯಾಗಿ ಸೋಫಾದ ಮೇಲೆ ಆಡಿದ ಸರಣಿಯಿದು. ನನ್ನ ಪ್ರಕಾರ ಸ್ಪ್ರಿಂಟ್‌ಗಿಂತ ದೊಡ್ಡ ನಷ್ಟ ಅದು.

ಹೇಲೋ ಇನ್ಫಿನಿಟ್ ಬಗ್ಗೆ ನಿಮ್ಮ ಅಭಿಪ್ರಾಯ?

ಅಡಿಪಾಯ ಚೆನ್ನಾಗಿದೆ. ಕೊಕ್ಕೆ ಎಸೆದು ಎಳೆದುಕೊಂಡು ಹೋಗುವ ಗ್ರ್ಯಾಪಲ್‌ಶಾಟ್, ಎದುರಿನದನ್ನು ಹಿಂದಕ್ಕೆ ತಳ್ಳುವ ರಿಪಲ್ಸರ್, ತಾತ್ಕಾಲಿಕ ಗೋಡೆಯಾಗುವ ಡ್ರಾಪ್ ವಾಲ್ ಎಲ್ಲವೂ ಹೊಸ ಕಾಲದ ಚುರುಕು ಕೊಡುತ್ತವೆ. ಆದರೆ ಯಾರೂ ಅವುಗಳನ್ನು ಹುಟ್ಟುತ್ತಲೇ ಹೊತ್ತು ತರುವುದಿಲ್ಲ, ಮ್ಯಾಪಿನಿಂದ ಎತ್ತಿಕೊಳ್ಳಬೇಕು. ಉಪಯೋಗಿಸಿದರೆ ಖರ್ಚಾಗುತ್ತವೆ. ರಿಪಲ್ಸರ್‌ನಿಂದ ನಿಮ್ಮ ಕಡೆ ಬಂದ ರಾಕೆಟ್ಟನ್ನೇ ತಿರುಗಿಸಿ ಕಳಿಸಬಹುದು. ಆ ಕ್ಷಣ ಹೊಸದು, ಅದರ ಹಿಂದಿನ ನ್ಯಾಯ ಬ್ಲಡ್ ಗಲ್ಚ್‌ನದ್ದು. ಹಳೆಯದಕ್ಕೂ ಹೊಸದಕ್ಕೂ ಸಮತೋಲನ ಎಂದು ನಾನು ಹೇಳುವಾಗ ಮನಸ್ಸಿನಲ್ಲಿರುವುದು ಇದು. ಹೊಸ ಶಕ್ತಿ ಎಷ್ಟು ಬೇಕಾದರೂ ಬರಲಿ, ಅದು ಇಬ್ಬರಿಗೂ ಸಮಾನ ದೂರದಲ್ಲಿ ನೆಲದ ಮೇಲಿರಲಿ.

ತಪ್ಪಿದ್ದು ಮೆನುವಿನಲ್ಲಿ. 2021ರ ನವೆಂಬರ್ 15ರಂದು ಮಲ್ಟಿಪ್ಲೇಯರ್ ಉಚಿತವಾಗಿ ಬಂದಾಗ ಸ್ಲೇಯರ್‌ಗೆ ಎಂದೇ ಒಂದು ಪ್ಲೇಲಿಸ್ಟ್ ಇರಲಿಲ್ಲ. ಇಪ್ಪತ್ತು ವರ್ಷದಿಂದ ಸರಣಿಯ ಹೃದಯವಾಗಿದ್ದ ಮೋಡ್ ಬೇಕೆಂದರೆ ಎಲ್ಲ ಮೋಡ್ ಬೆರೆತ ಕ್ವಿಕ್ ಪ್ಲೇ ಒತ್ತಿ ಕಾಯಬೇಕಿತ್ತು, ಬಾವುಟ ಬಂದರೂ ಆಡಬೇಕಿತ್ತು. ಜನ ದೊಡ್ಡ ದನಿಯಲ್ಲಿ ಕೇಳಿದ ಮೇಲೆ ಡಿಸೆಂಬರ್‌ನಲ್ಲಿ ಸ್ಲೇಯರ್, ಫಿಯೆಸ್ಟಾ ಮುಂತಾದವು ಬಂದವು. ಆಟಗಾರರೇ ಮ್ಯಾಪ್ ಕಟ್ಟುವ ಸಾಧನವಾದ ಫೋರ್ಜ್ ಬರಲು 2022ರ ನವೆಂಬರ್ ಆಯಿತು, ಇನ್ಫೆಕ್ಷನ್ ಬಂದದ್ದು 2023ರಲ್ಲಿ. ಮೊದಲ ತಿಂಗಳು ಬಂದ ಜನಸಾಗರ ಇವಕ್ಕೆಲ್ಲ ಕಾಯಲಿಲ್ಲ.

ಎಲ್ಲರಿಗೂ ಒಂದೊಂದು ಪ್ಲೇಲಿಸ್ಟ್ ಕೊಟ್ಟುಬಿಟ್ಟರೆ ಆಗದೇ?

ಅತಿ ಹೆಚ್ಚು ಕೇಳುವ ಪ್ರಶ್ನೆ ಇದೇ. ಒಂದು ಲೆಕ್ಕ ಹಾಕೋಣ; ಅಂಕಿಗಳು ಉದಾಹರಣೆಗೆ ಮಾತ್ರ. ಒಂದು ಪ್ರದೇಶದಲ್ಲಿ ಈ ಹೊತ್ತಿಗೆ 2,400 ಜನ ಆಡುತ್ತಿದ್ದಾರೆ, ಹನ್ನೆರಡು ಪ್ಲೇಲಿಸ್ಟ್‌ಗಳಿವೆ. ಒಂದಕ್ಕೆ ಸರಾಸರಿ 200 ಜನ. ಅವರಲ್ಲಿ ಬಹುತೇಕರು ಆಗಲೇ ಪಂದ್ಯದೊಳಗಿದ್ದಾರೆ. ಹತ್ತು ನಿಮಿಷದ ಪಂದ್ಯ ಅಂದುಕೊಂಡರೆ, ಒಂದು ನಿಮಿಷದಲ್ಲಿ ಹೊಸ ಪಂದ್ಯ ಹುಡುಕುವವರು ಸುಮಾರು 20. ಆ ಇಪ್ಪತ್ತರಲ್ಲಿ ನಿಮ್ಮ ಮಟ್ಟದ ಎಂಟು ಜನ ಸಿಗಬೇಕು. ಸಿಗದಿದ್ದರೆ ಯಂತ್ರಕ್ಕೆ ಇರುವುದು ಮೂರೇ ದಾರಿ: ನಿಮ್ಮನ್ನು ಕಾಯಿಸುವುದು, ನಿಮಗಿಂತ ಬಹಳ ಗಟ್ಟಿಗರ ಎದುರು ಹಾಕುವುದು, ದೂರದ ಸರ್ವರಿಗೆ ಕಳಿಸುವುದು. ಕಾದು ಬೇಸತ್ತ ಇಬ್ಬರು ಎದ್ದು ಹೋದರೆ ಉಳಿದವರ ಕಾಯುವಿಕೆ ಇನ್ನಷ್ಟು ಹೆಚ್ಚುತ್ತದೆ. ಪ್ಲೇಲಿಸ್ಟ್‌ಗಳು ಸಾಯುವುದು ಹೀಗೆ.

ಬಿಗ್ ಟೀಮ್ ಬ್ಯಾಟಲ್‌ಗೆ ಈ ಪೆಟ್ಟು ಇನ್ನೂ ಜೋರು. ಹಿಂದೆ ಎಂಟರ ಎದುರು ಎಂಟು ಇತ್ತು, ಇನ್ಫಿನಿಟ್‌ನಲ್ಲಿ ಹನ್ನೆರಡರ ಎದುರು ಹನ್ನೆರಡು. ಒಂದು ಪಂದ್ಯ ತುಂಬಲು 16ರ ಬದಲು 24 ಜನ ಬೇಕು. ಎಂಟೆಂಟರ ಸ್ಕ್ವಾಡ್ ಬ್ಯಾಟಲ್ ಮುಂದೆ ಬಂದಾಗ ನನಗೆ ಸಂತೋಷವಾದದ್ದು ಹಳೆಯ ಅಳತೆ ವಾಪಸ್ ಬಂತು ಎಂದಷ್ಟೇ ಅಲ್ಲ, ರಾತ್ರಿ ಹೊತ್ತಲ್ಲೂ ತುಂಬುತ್ತದೆ ಎಂದು.

ನನಗೆ ಸರಿ ಕಾಣುವ ವಿಂಗಡಣೆ: ಸದಾ ಇರುವ ನಾಲ್ಕೈದು ಪ್ಲೇಲಿಸ್ಟ್, ಅದರಲ್ಲಿ ಒಂದು ಕ್ಲಾಸಿಕ್ ನಿಯಮದ್ದು. ಉಳಿದದ್ದೆಲ್ಲ ಬಂದು ಹೋಗಲಿ.

ಕ್ಲಾಸಿಕ್ ಪ್ಲೇಲಿಸ್ಟನ್ನು ಆಗಾಗ ಒಂದು ವಾರ ತಂದರೆ ಸಾಲದೇ?

ಸಾಲದು. ಹಳೆಯ ಆಟಗಾರ ಈಗ ಕೆಲಸ, ಮನೆ, ಮಕ್ಕಳು ಇರುವವನು. ಗುರುವಾರ ರಾತ್ರಿ ಒಂದು ಗಂಟೆ ಬಿಡುವಾದಾಗ ಕನ್ಸೋಲ್ ಹಚ್ಚುತ್ತಾನೆ. ಅವನ ಮೋಡ್ ಕಳೆದ ವಾರವಿತ್ತು, ಮುಂದಿನ ತಿಂಗಳು ಬರುತ್ತದೆ ಎಂದರೆ ಅವನು ಆರಿಸಿ ಮಲಗುತ್ತಾನೆ. 2023ರಲ್ಲಿ ಇನ್ಫಿನಿಟ್‌ಗೆ ಹೇಲೋ 3 ರಿಫ್ಯೂಯೆಲ್ಡ್ ಬಂತಲ್ಲ, ಹೇಲೋ 3ರ ಮ್ಯಾಪ್‌ಗಳನ್ನು ಫೋರ್ಜ್‌ನಲ್ಲಿ ಮತ್ತೆ ಕಟ್ಟಿದ್ದು, ಆಗ ವರ್ಷಗಳಿಂದ ಮಾತಾಡದ ಗೆಳೆಯರು ಫೋನ್ ಮಾಡಿದರು. ಇಂಥವರು ಸಂಜೆಯ ಕಟ್ಟೆಗೆ ಬರುವ ಹಿರಿಯರ ಹಾಗೆ. ಕಟ್ಟೆ ಅಲ್ಲೇ ಇರಬೇಕು.

ಹಳೆಯ ಭಾಗಗಳನ್ನು ಸೇರಿಸಿದ ಮಾಸ್ಟರ್ ಚೀಫ್ ಕಲೆಕ್ಷನ್ ಇದೆಯಲ್ಲ, ಹಳಬರು ಅಲ್ಲೇ ಆಡಬಹುದಲ್ಲ?

ಆಡುತ್ತಿದ್ದೇವೆ. 2014ರಲ್ಲಿ ಬಂದಾಗ ಅದರ ಮ್ಯಾಚ್‌ಮೇಕಿಂಗ್ (ಆಟಗಾರರನ್ನು ಪಂದ್ಯಕ್ಕೆ ಸೇರಿಸುವ ವ್ಯವಸ್ಥೆ) ಸ್ಥಿತಿ ಶೋಚನೀಯವಾಗಿತ್ತು, ಪಂದ್ಯ ಸಿಗುವುದೇ ಕಷ್ಟ. 2018ರಲ್ಲಿ ದೊಡ್ಡ ಅಪ್‌ಡೇಟ್ ಕೊಟ್ಟು ಸರಿಪಡಿಸಿದರು, 2019ರ ಡಿಸೆಂಬರ್‌ನಿಂದ ಒಂದೊಂದೇ ಭಾಗವಾಗಿ ಪಿಸಿಗೂ ತಂದರು. ಆರು ಆಟಗಳನ್ನು ಒಂದೇ ಕಡೆ ಉಳಿಸಿಕೊಟ್ಟ ಈ ಕೆಲಸಕ್ಕೆ ನಾನು ಋಣಿ. 2010ರಲ್ಲಿ ಮೊದಲ ಎಕ್ಸ್‌ಬಾಕ್ಸ್‌ನ ಆನ್‌ಲೈನ್ ಸೇವೆ ಏಪ್ರಿಲ್ 15ಕ್ಕೆ ನಿಂತಾಗ, ಕೆಲವರು ಕನ್ಸೋಲ್ ಆರಿಸದೆ ಮೇ 10ರ ತನಕ ಹೇಲೋ 2ರೊಳಗೇ ಉಳಿದಿದ್ದರು. ಒಂದು ಆಟವನ್ನು ಅಷ್ಟು ಪ್ರೀತಿಸುವ ಜನಕ್ಕೆ ಅದು ಮತ್ತೆ ಸಿಕ್ಕಿದ್ದು ಸಣ್ಣ ಮಾತಲ್ಲ.

ಆದರೂ ‘ಹಳಬರು ಅಲ್ಲಿರಲಿ, ಹೊಸಬರು ಇಲ್ಲಿರಲಿ’ ಅನ್ನುವುದು ಕೊನೆಗೆ ಇಬ್ಬರಿಗೂ ನಷ್ಟ. ಬಾವುಟ ಹೇಗೆ ಬೀಳಿಸಬೇಕು, ರಾಕೆಟ್ಟಿನ ಹೊತ್ತು ಹೇಗೆ ನೆನಪಿಡಬೇಕು ಎಂದು ಕಲಿಸುವವರು ಹೊಸ ಆಟದ ಮೈಕಿನಲ್ಲಿ ಇಲ್ಲದಂತಾಗುತ್ತದೆ.

ಶ್ರೇಯಾಂಕಕ್ಕಾಗಿ ಆಡುವ ರ‍್ಯಾಂಕ್ಡ್‌ನಲ್ಲಿ ಯಾವ ನಿಯಮ ಇರಬೇಕು?

ಬಿಗಿಯಾದ ನಿಯಮ. ಇನ್ಫಿನಿಟ್ ಬಂದಾಗ ಇದ್ದಂತೆ ಬ್ಯಾಟಲ್ ರೈಫಲ್ ಹಿಡಿದು, ರೇಡಾರ್ ಇಲ್ಲದೆ ಶುರು ಮಾಡುವುದು ನನಗೆ ಸರಿ ಕಾಣುತ್ತದೆ. ಹೇಲೋ 2 ಮತ್ತು 3ರಲ್ಲಿ ಇದ್ದಂತೆ ರ‍್ಯಾಂಕ್ ಎದ್ದು ಕಾಣಬೇಕು. 50 ತಲುಪಿದವನಿಗೆ ಆಗ ಊರಲ್ಲೆಲ್ಲ ಹೆಸರು.

ಬೇರೆ ಸರಣಿಗಳಿಗೂ ಈ ತಲೆನೋವು ಇದೆಯೇ?

ಇದೆ. ಕಾಲ್ ಆಫ್ ಡ್ಯೂಟಿ 2014ರಲ್ಲಿ ಎಕ್ಸೋ ಸೂಟ್ ತೊಡಿಸಿ ಗಾಳಿಗೆ ಹಾರಿಸಿತು, 2017ರಲ್ಲಿ ಎರಡನೇ ಮಹಾಯುದ್ಧಕ್ಕೆ ಮರಳಿ ನೆಲಕ್ಕಿಳಿಸಿತು. ಬ್ಯಾಟಲ್‌ಫೀಲ್ಡ್ 2042 ಬಂದಾಗ 128 ಜನರ ಯುದ್ಧ ಕೊಟ್ಟು ಸೈನಿಕರಿಗೆ ಬೇರೆ ಬೇರೆ ಪಾತ್ರ ಕೊಡುವ ಹಳೆಯ ಕ್ಲಾಸ್ ಪದ್ಧತಿ ತೆಗೆದಿತ್ತು. 2023ರಲ್ಲಿ ಕ್ಲಾಸ್‌ಗಳನ್ನು ವಾಪಸ್ ತರಬೇಕಾಯಿತು. ಕೌಂಟರ್ ಸ್ಟ್ರೈಕ್ ಮಾತ್ರ ತನ್ನ ಮೂಲ ನಿಯಮವನ್ನು ಹೆಚ್ಚು ಮುಟ್ಟದೆ ಬಂದಿದೆ.

ಭಾರತದಿಂದ ಆಡುವವರಿಗೆ ಇದರಲ್ಲಿ ಬೇರೆ ಚಿಂತೆ ಏನಾದರೂ ಇದೆಯೇ?

ಇದೆ. ನಮ್ಮಲ್ಲಿ ಹೇಲೋ ಆಡುವವರು ಕಡಿಮೆ. ಪ್ಲೇಲಿಸ್ಟ್ ಹೆಚ್ಚಾದಷ್ಟೂ ಮೊದಲು ಒಣಗುವುದು ನಮ್ಮಂಥ ಪ್ರದೇಶ. ಹತ್ತಿರದಲ್ಲಿ ಎಂಟು ಜನ ಸಿಗದಾಗ ಪಂದ್ಯ ದೂರದ ಸರ್ವರಿನಲ್ಲಿ ನಡೆಯುತ್ತದೆ, ಪಿಂಗ್ (ಸರ್ವರಿಗೆ ಸಂದೇಶ ಹೋಗಿಬರುವ ಸಮಯ) ಏರುತ್ತದೆ, ಗೋಡೆಯ ಹಿಂದೆ ಹೋದ ಮೇಲೂ ಗುಂಡು ತಾಗುತ್ತದೆ. ಬೆಂಗಳೂರು, ಹುಬ್ಬಳ್ಳಿ, ಮಂಗಳೂರಿನ ಗೆಳೆಯರಿಗೆ ನಾನು ಹೇಳುವುದು ಒಂದೇ: ವಾರಕ್ಕೊಂದು ರಾತ್ರಿ ಗೊತ್ತು ಮಾಡಿಕೊಂಡು ಎಂಟು ಜನ ಸೇರಿ, ನಿಯಮ ನೀವೇ ಆರಿಸುವ ಕಸ್ಟಮ್ ಗೇಮ್ ಹಚ್ಚಿ. ಸ್ಪ್ರಿಂಟ್ ಬೇಡವಾದರೆ ನಿಯಮದಲ್ಲಿ ನೀವೇ ತೆಗೆಯಬಹುದು.

ಮುಂದಿನ ಹೇಲೋದಲ್ಲಿ ಏನು ನಿರೀಕ್ಷಿಸಬಹುದು?

2024ರ ಅಕ್ಟೋಬರ್‌ನಲ್ಲಿ 343 ಇಂಡಸ್ಟ್ರೀಸ್ ಹೆಸರು ಹೇಲೋ ಸ್ಟುಡಿಯೋಸ್ ಎಂದಾಯಿತು, ಅನ್‌ರಿಯಲ್ ಎಂಜಿನ್ 5ಕ್ಕೆ ಬದಲಾಗುವುದಾಗಿ ಹೇಳಿದರು. 2025ರಲ್ಲಿ ಪ್ರಕಟಿಸಿದ ಕ್ಯಾಂಪೇನ್ ಇವಾಲ್ವ್ಡ್ ಮೊದಲ ಭಾಗದ ಕಥೆಯ ಮರುನಿರ್ಮಾಣ. ಪ್ಲೇಸ್ಟೇಷನ್ 5ಕ್ಕೂ ಘೋಷಿಸಿದ್ದಾರೆ, ಆಟಗಾರರ ನಡುವಿನ ಸ್ಪರ್ಧೆಯ ಮಲ್ಟಿಪ್ಲೇಯರ್ ಅದರಲ್ಲಿ ಇಲ್ಲ. ಹೇಲೋ ಹಿಡಿದೇ ನೋಡದ ದೊಡ್ಡ ಗುಂಪೊಂದು ಮೊದಲ ಸಲ ಬರಲಿದೆ. ಮುಂದೆ ಅವರಿಗೆ ಮಲ್ಟಿಪ್ಲೇಯರ್ ಕೊಡುವ ದಿನ, ಸ್ಲೇಯರ್ ಮೊದಲ ದಿನವೇ ಮೆನುವಿನಲ್ಲಿರಲಿ.

ಹೊಸಬ ನಾನು. ಎಲ್ಲಿಂದ ಶುರು ಮಾಡಲಿ?

ಇನ್ಫಿನಿಟ್‌ನ ಮಲ್ಟಿಪ್ಲೇಯರ್ ಉಚಿತ, ಕಂಪ್ಯೂಟರ್ ಆಡಿಸುವ ಬಾಟ್‌ಗಳ ಎದುರು ಕೈ ಪಳಗಿಸಿಕೊಳ್ಳಬಹುದು. ಒಂದು ವಾರದ ನಂತರ ಸ್ಲೇಯರ್‌ಗೆ ಹೋಗಿ. ಕಲೆಕ್ಷನ್ ರಿಯಾಯಿತಿಗೆ ಬಂದಾಗ ಕೊಂಡು, ಒಂದು ಭಾನುವಾರ ಹೇಲೋ 3ರ ‘ದಿ ಪಿಟ್’ ಮ್ಯಾಪಿನಲ್ಲಿ ಬಾವುಟದ ಆಟ ಆಡಿ. ಬಾವುಟ ಎತ್ತಿಕೊಂಡು ಅರ್ಧ ದಾರಿಗೆ ಬಂದಾಗ ಎದುರಿಗೆ ಒಬ್ಬ ಸಿಗುತ್ತಾನೆ. ಕೆಳಗೆ ಬಿಡಿ, ಹೊಡೆಯಿರಿ, ಮತ್ತೆ ಎತ್ತಿಕೊಳ್ಳಿ.